ಲಿಫ್ಟ್ ನಿಂತ ಮೇಲೆ ಬರುವ ಸದ್ದು

ಶಾಲೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸುವವನಾದ್ದರಿಂದ ಇಡೀ ಕಟ್ಟಡಕ್ಕೆ ಅವನು ‘ಮೇಷ್ಟ್ರು’. ಅಮ್ಮನಿಗೆ ಮಾತ್ರ ‘ಪುಕ್ಕಲ’. ಲಿಫ್ಟ್ ಕಂಡರೆ ಅವನ ಕೈಕಾಲು ತಣ್ಣಗಾಗುತ್ತಿತ್ತು. ಚಿಕ್ಕವನಿದ್ದಾಗ ಒಮ್ಮೆ ಒಳಗೆ ಸಿಕ್ಕಿಹಾಕಿಕೊಂಡು ಕತ್ತಲಲ್ಲಿ ಅತ್ತಿದ್ದ. ಅಂದಿನಿಂದ ಮೆಟ್ಟಿಲೇ ಗತಿ. ಮಂಡಿನೋವಿನ ಅಮ್ಮ ಲಿಫ್ಟಿನಲ್ಲಿ ಇಳಿದರೆ ಇವನು ಪಕ್ಕದ ಮೆಟ್ಟಿಲಲ್ಲಿ ದಡದಡ ಓಡುತ್ತಿದ್ದ. ಲಿಫ್ಟ್ ನಿಂತಾಗ ಮೇಲೆಲ್ಲೋ ‘ಟಪ್’ ಎನ್ನುತ್ತಿತ್ತು. ಅದು ಕೇಳಿಸಿದ ಮೇಲೆಯೇ ಇವನಿಗೆ ಹೋದ ಜೀವ ಬಂದಂತಾಗುತ್ತಿತ್ತು.

ಒಂದು ದಿನ ಆ ಲಿಫ್ಟ್ ಕೆಟ್ಟು ಕೂತಿತು. ರಿಪೇರಿಗೆ ಬಂದ ಇಂಜಿನಿಯರ್ ಮೊದಲ ದಿನವೇ ಗುರುತು ಹಾಕಲು ಅವನ ಹತ್ತಿರ ಪೆನ್ಸಿಲ್ ಇಸಿದುಕೊಂಡಳು, ತುರುಬಿಗೆ ಸಿಕ್ಕಿಸಿಕೊಂಡಳು, ಮರಳಿ ಕೊಡಲೇ ಇಲ್ಲ. ಅವನೂ ಕೇಳಲಿಲ್ಲ ಬಿಡಿ.

“ಏನ್ರೀ, ದಿನಾ ಬಂದು ಮೆಟ್ಟಿಲ ಮೇಲೆ ಕೂರ್ತೀರಿ? ನನ್ನ ಕೆಲಸ ಪರೀಕ್ಷೆ ಮಾಡ್ತಿದ್ದೀರಾ?”

“ಅಯ್ಯೋ, ನನಗೇನು ಗೊತ್ತು ಮೇಡಂ! ಟೀ ತಂದೆ ಅಷ್ಟೇ.”

ಅವಳು ಲೋಟದ ಅಂಚಿನ ಮೇಲಿಂದ ನೋಡಿ ನಗುತ್ತಿದ್ದಳು. ಆ ನೋಟದ ಗುಂಗಿನಲ್ಲಿ ಅವನು ಶಾಲೆಯಲ್ಲಿ ಆನೆ ಬರೆಯಲು ಹೋಗಿ ಕೋಳಿ ಬರೆದದ್ದೂ ಉಂಟು.

ಕೊನೆಗೂ ಕೆಲಸ ಮುಗಿಯಿತು. ಅಮ್ಮನೇ ಮೊದಲು ಇಳಿಯಲಿ ಎಂದು ಕಟ್ಟಡದ ಸೆಕ್ರೆಟರಿ ಮೇಲಿನ ಮಹಡಿಗೇ ಬಂದರು. ಹಿಂದೆ ಅಕ್ಕಪಕ್ಕದವರೂ ಸೇರಿದರು. ಅವಳು ಖಾಲಿ ಲಿಫ್ಟನ್ನು ಒಮ್ಮೆ ಇಳಿಸಿ, ಹತ್ತಿಸಿ ತೋರಿಸಿದಳು. ಲಿಫ್ಟ್ ನಿಂತಿತು. ಅವನು ಕಿವಿ ನಿಮಿರಿಸಿದ. ‘ಟಪ್’ ಬರಲಿಲ್ಲ.

ಅಮ್ಮ ಹತ್ತುವ ಮೊದಲೇ ಕೇಳಬೇಕು. ಹೇಗೆ ಕೇಳುವುದು? ಓದಿ ಬಂದವಳು ಅವಳು, ಇವನೋ ಬಣ್ಣ ಬಳಿಯುವವನು. ಅದಕ್ಕಿಂತ ದೊಡ್ಡ ಭಯ ಬೇರೆಯೇ ಇತ್ತು. ನಾಳೆಯಿಂದ ಅವಳು ಬರುವುದಿಲ್ಲ. ಅವಳನ್ನು ಇನ್ನೊಂದು ದಿನ ನಿಲ್ಲಿಸಿಕೊಳ್ಳಲು ತನ್ನ ಮನಸ್ಸೇ ಈ ನೆಪ ಹೂಡುತ್ತಿಲ್ಲವಷ್ಟೆ? ಅವಳೂ ಹಾಗೇ ತಿಳಿದರೆ?

“ಬರ್ತೀನೋ ಪುಕ್ಕಲ, ಕೆಳಗೆ ಸಿಗು,” ಎನ್ನುತ್ತಾ ಅಮ್ಮ ಊರುಗೋಲನ್ನು ಲಿಫ್ಟಿನೊಳಗೆ ಇಟ್ಟಳು.

“ಅಮ್ಮಾ, ನಿಲ್ಲು!”

ಎಲ್ಲರೂ ತಿರುಗಿದರು. ಅವನು ಇಂಜಿನಿಯರ್ ಹತ್ತಿರ ಹೋದ. “ಮೇಡಂ, ತಪ್ಪು ತಿಳ್ಕೋಬೇಡಿ. ಒಂದು ಕೇಳ್ಲಾ?”

“ಏನ್ ಮೇಷ್ಟ್ರೇ, ಇಂಜಿನಿಯರ್‌ಗೇ ಪಾಠ ಹೇಳ್ತೀರಾ?” ಸೆಕ್ರೆಟರಿ ನಕ್ಕರು. “ನಿಮ್ಮ ಧೈರ್ಯ ಊರಿಗೆಲ್ಲ ಗೊತ್ತಲ್ಲ!”

ಅವಳು ನಗಲಿಲ್ಲ. “ಕೇಳಿ.”

“ಮೊದಲೆಲ್ಲ ಲಿಫ್ಟ್ ನಿಂತಾಗ ಮೇಲೆ ಟಪ್ ಅಂತಿತ್ತು. ಈಗ ಅನ್ನಲ್ಲ. ಯಾಕೆ?”

“ಬ್ರೇಕ್ ಹೊಸದು. ಹೊಸದಕ್ಕೆ ಸದ್ದು ಕಮ್ಮಿ.”

ಇಷ್ಟು ದಿನ ಇಲ್ಲದ ಬಿರುಸು ಅವಳ ದನಿಯಲ್ಲಿತ್ತು. ಎಲ್ಲ ಮುಗಿಯಿತು, ಇನ್ನು ಇವಳು ತನ್ನತ್ತ ತಿರುಗಿಯೂ ನೋಡಲಾರಳು ಎಂದುಕೊಂಡ. ಸುಮ್ಮನಾಗಿಬಿಡಬೇಕೆನಿಸಿತು. ಆದರೆ ಅಮ್ಮನ ಊರುಗೋಲು ಇನ್ನೂ ಲಿಫ್ಟಿನೊಳಗೇ ಇತ್ತು.

“ಇರಬಹುದು ಮೇಡಂ. ನಿಮಗೆ ಗೊತ್ತಿರೋದು ನನಗೆ ಗೊತ್ತಿಲ್ಲ. ಆದ್ರೂ ನಮ್ಮಮ್ಮ ಹತ್ತೋಕೆ ಮುಂಚೆ ಒಂದ್ಸಲ ನೋಡ್ಬಿಡ್ತೀರಾ? ನಂದೇ ತಪ್ಪಾಗಿದ್ರೆ ಕ್ಷಮಿಸಿ.”

ಅವಳು ಲಿಫ್ಟನ್ನು ಬಂದ್ ಮಾಡಿ ಮೆಟ್ಟಿಲು ಹತ್ತಿ ಮಷೀನ್ ರೂಮಿಗೆ ಹೋದಳು. ಕೆಳಗೆ ಗೊಣಗಾಟ ಶುರುವಾಯಿತು. ಅವನು ಅಮ್ಮನನ್ನು ಲಿಫ್ಟಿನ ಬಾಗಿಲಿಂದ ಈಚೆಗೆ ಕರೆತಂದ. ಬಹಳ ಹೊತ್ತಾದ ಮೇಲೆ ಮೇಲಿನಿಂದ ಸಣ್ಣ ದನಿ ಬಂತು: “ಮೇಷ್ಟ್ರೇ, ಸ್ವಲ್ಪ ಬರ್ತೀರಾ?”

ಅವಳು ಮೇಲಿನ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಕಣ್ಣಲ್ಲಿ ನೀರಿತ್ತು.

“ಬ್ರೇಕಿಗೆ ಎರಡು ತೋಳು. ಒಂದು ಹಿಡೀತಾನೇ ಇಲ್ಲ, ಅದಕ್ಕೇ ಟಪ್ ಅನ್ನಲಿಲ್ಲ. ಎಲ್ಲಾ ಭಾರ ಇನ್ನೊಂದರ ಮೇಲಿದೆ. ಅದೂ ಜಾರಿದ್ರೆ... ನಾನೇ ಕೂರಿಸಿದ್ದು. ಎರಡೂ ನೋಡಿದ್ದೀನಿ ಅಂದ್ಕೊಂಡಿದ್ದೆ.”

ಅವಳ ಬೆರಳುಗಳು ನಡುಗುತ್ತಿದ್ದವು. ಅವನು ಪಕ್ಕದಲ್ಲಿ ಕೂತು ತನ್ನ ಕೈ ಮುಂದೆ ಚಾಚಿದ. “ನೋಡಿ, ನಂದೂ ನಡುಗ್ತಿದೆ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

“ಕೋಪ ಬಂತಾ?” ಎಂದ.

“ಬಂತು. ಎಲ್ಲರ ಮುಂದೆ ಕೇಳಿದ್ರಲ್ಲ ಅಂತ. ಎರಡನೇ ಸಲ ನೀವು ಕೇಳದೆ ಇದ್ದಿದ್ರೆ ನಾನು ಮೇಲೆ ಬರ್ತಾನೇ ಇರಲಿಲ್ಲ.” ಕಣ್ಣೊರೆಸಿಕೊಂಡಳು. “ಇನ್ಮೇಲೆ ಹೆದರ್ಕೊಂಡಾದ್ರೂ ಕೇಳಿ. ಕೇಳದೆ ಮಾತ್ರ ಬಿಡಬೇಡಿ.”

ಸಂಜೆಯ ಹೊತ್ತಿಗೆ ಬ್ರೇಕ್ ಸರಿಯಾಯಿತು. ಖಾಲಿ ಲಿಫ್ಟ್ ಇಳಿದು, ಹತ್ತಿ ನಿಂತಿತು. ಟಪ್!

“ಮೇಷ್ಟ್ರು ಕೇಳಿದ್ದಕ್ಕೆ ನನ್ನ ತಪ್ಪು ಸಿಕ್ತು,” ಎಂದು ಅವಳು ಸೆಕ್ರೆಟರಿಗೆ ಎಲ್ಲರಿಗೂ ಕೇಳುವಂತೆಯೇ ಹೇಳಿದಳು. ಅಮ್ಮ ಸೆಕ್ರೆಟರಿಯನ್ನೂ ಅಕ್ಕಪಕ್ಕದವರನ್ನೂ ಲಿಫ್ಟಿಗೆ ಹತ್ತಿಸಿಕೊಂಡು ರಾಣಿಯ ಹಾಗೆ ಕೆಳಗಿಳಿದಳು.

ಮೇಲೆ ಇಬ್ಬರೇ ಉಳಿದರು.

“ಈಗ ನಾನೊಂದು ಕೇಳ್ಲಾ?” ಎಂದಳು. “ನಿಜ ಹೇಳಿ. ಇಷ್ಟು ದಿನ ಯಾಕೆ ಇಲ್ಲಿ ಬಂದು ಕೂರ್ತಿದ್ರಿ?”

“ಭಯಕ್ಕೆ.”

“ಲಿಫ್ಟ್ ಬಿದ್ದೋಗುತ್ತೆ ಅಂತಾನಾ?”

“ಕೆಲಸ ಮುಗಿದೋಗುತ್ತೆ ಅಂತ.”

ಅವಳ ಕಿವಿಯವರೆಗೂ ಕೆಂಪೇರಿತು. ಪೆನ್ಸಿಲ್ ಹಿಂದಿರುಗಿಸಲು ತುರುಬಿಗೆ ಕೈ ಹಾಕಿದವಳು, ಯೋಚಿಸಿ, ಅದನ್ನು ಇನ್ನಷ್ಟು ಒಳಕ್ಕೆ ಸಿಕ್ಕಿಸಿಕೊಂಡಳು. ಅಷ್ಟರಲ್ಲಿ ಖಾಲಿ ಲಿಫ್ಟ್ ಮೇಲೆ ಬಂದು ಬಾಗಿಲು ತೆರೆಯಿತು. ಅವಳು ಒಳಗೆ ಹೋಗಿ ಕೈ ಚಾಚಿದಳು.

“ಬರ್ತೀರಾ?”

ಅವನು ಕಣ್ಣು ಮುಚ್ಚಿಕೊಂಡು, ಆ ಕೈ ಗಟ್ಟಿಯಾಗಿ ಹಿಡಿದು ಒಳಗೆ ಕಾಲಿಟ್ಟ. ಅವಳು ಗುಂಡಿ ಒತ್ತಿದಳು. ಕೆಳಗೆ ತಲುಪಿ ಲಿಫ್ಟ್ ನಿಂತಿತು. ಮೇಲೆಲ್ಲೋ ‘ಟಪ್’ ಎಂದಿತು. ಇನ್ನು ಕೈ ಬಿಡಬಹುದಿತ್ತು. ಇಬ್ಬರೂ ಬಿಡಲಿಲ್ಲ.