ಎರಡು ಲಕೋಟೆ, ಒಂದು ಗೆರೆ

"ಆ ಗೆರೆ ಅಲ್ಲಿಗೇ ಮುಗಿಯಲ್ಲ. ಇನ್ನೂ ಸ್ವಲ್ಪ ಕೆಳಗಿದೆ ನೋಡಿ."

ಬೆನ್ನ ಹಿಂದಿನಿಂದ ಬಂದ ದನಿಗೆ ಅವಳ ಪೆನ್ಸಿಲ್ ಜಾರಿ ಬಿತ್ತು. ನಕ್ಷತ್ರಗಳ ಬೆಳಕನ್ನು ಅಳೆಯುವ ಆ ಕಚೇರಿಗೆ ಅಂದೇ ಸೇರಿದ್ದ ಹುಡುಗ ಬಗ್ಗಿ ಎತ್ತಿಕೊಟ್ಟ. ಜೇಬಿನಲ್ಲೊಂದು ಉಕ್ಕಿನ ಸ್ಕೇಲು... ಸಂಜೆಯೊಳಗೆ ಅವನ ಹೆಸರೇ 'ಸ್ಕೇಲು' ಆಯಿತು. ಅವಳು ಮೊದಲಿನಿಂದಲೂ 'ಗುಬ್ಬಿ'. ಅವಳಾಡುವ ಮಾತು ಗುಬ್ಬಿಯಷ್ಟೇ ಪುಟ್ಟದು.

ಇಬ್ಬರಿಗೂ ಅಳೆಯಲು ಸಿಕ್ಕಿದ್ದು ಒಂದೇ ಹಳೆಯ ನಕ್ಷತ್ರ. ಅದರ ಬೆಳಕನ್ನು ಬಣ್ಣಬಣ್ಣವಾಗಿ ಹರಡಿದರೆ ನಡುನಡುವೆ ಕಪ್ಪು ಗೆರೆಗಳು, ಒಂದೊಂದು ಧಾತುವಿಗೂ ಅದರದೇ ಬೆರಳಚ್ಚು. ಕಬ್ಬಿಣ ಹೆಸರಿಗಷ್ಟೇ ಇತ್ತು. ಆದರೆ ಯುರೋಪಿಯಂ ಎಂಬ ಅಪರೂಪದ ಧಾತುವಿನ ಗೆರೆ ಆಳವಾಗಿದ್ದರೆ, ಚಿನ್ನದಂಥ ಭಾರದ ಧಾತುಗಳು ಎಲ್ಲಿ ಹುಟ್ಟಿದವು ಎಂಬುದಕ್ಕೆ ಸುಳಿವು ಸಿಕ್ಕಂತೆ.

ಎರಡು ತಿಂಗಳು ಅಕ್ಕಪಕ್ಕ ಕೂತು ಕೆಲಸ ಮಾಡಿದರು. ನಾಲ್ಕು ಗಂಟೆಗೆ ಅವನು "ಗುಬ್ಬಿ, ಚಹಾ?" ಎನ್ನುವುದನ್ನೇ ಅವಳು ಬೆಳಗಿನಿಂದ ಕಾಯುತ್ತಿದ್ದಳು.

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟಳು. "ಭಾನುವಾರ ನಮ್ಮನೆಗೆ ಬರ್ತೀರಾ? ಅಕ್ಕ ಕರೆದಿದ್ದಾಳೆ."

ಅವನ ಕಿವಿ ಕೆಂಪಾಯಿತು. ಉತ್ತರ ಬರುವ ಮೊದಲೇ ಕಚೇರಿಯ ಮುಖ್ಯಸ್ಥೆ ಮೇಡಂ ಬಂದರು.

"ಯುರೋಪಿಯಂ ಗೆರೇನ ಇಬ್ಬರೂ ಬೇರೆಬೇರೆ ಅಳೀರಿ. ಲಕೋಟೆಯಲ್ಲಿ ಹಾಕಿಕೊಡಿ. ತೆರೆಯೋವರೆಗೂ ತುಟಿ ಪಿಟಕ್ಕೆನ್ನಬಾರದು."

ಮರುದಿನ ಅವನು ಕಿಟಕಿ ಪಕ್ಕದ ಮೇಜಿಗೆ ಹೋಗಿ ಕೂತ. ನಾಲ್ಕು ಗಂಟೆಯಾಯಿತು. ಚಹಾ ಇಲ್ಲ, ಮಾತಿಲ್ಲ. ಒಂದು ವಾರ... ಮೂರು ವಾರ.

'ನಾನು ಕರೆಯಬಾರದಿತ್ತು... ಇದೇ ಅವನ ಉತ್ತರ.'

ಅಕ್ಕ ಬಟ್ಟೆ ಮಡಿಸುತ್ತಾ ಬೈದಳು. "ಸಾವಿರದಿನ್ನೂರು ಕೋಟಿ ವರ್ಷದ ನಕ್ಷತ್ರದ ಹೊಟ್ಟೆಯೊಳಗಿನದು ಗೊತ್ತಾಗತ್ತೆ. ಎದುರಿಗೆ ಕೂತವನ ಮನಸ್ಸು ಗೊತ್ತಾಗಲ್ವಾ? ಕೇಳಿದ್ರೆ ನಿನ್ನ ಗಂಟೇನು ಹೋಗತ್ತೆ ಮಾರಾಯ್ತಿ?"

ಲಕೋಟೆ ತೆರೆಯುವ ದಿನ ಬಂತು. ಕಬ್ಬಿಣಕ್ಕೆ ಹೋಲಿಸಿದರೆ, ಯುರೋಪಿಯಂ ಸೂರ್ಯನಲ್ಲಿರುವುದಕ್ಕಿಂತ ನಲವತ್ತೆರಡು ಪಟ್ಟು ಎಂದಿತ್ತು ಅವಳದು. ಅವನದು, ನಲವತ್ತೊಂದು.

ಮೇಡಂ ಕನ್ನಡಕ ತೆಗೆದು ನಕ್ಕರು. "ಇದು ಹುಟ್ಟೋಕೆ ಮುಂಚೆ ಎಲ್ಲೋ ಎರಡು ಸತ್ತ ನಕ್ಷತ್ರ ಡಿಕ್ಕಿ ಹೊಡೆದಿರಬೇಕು. ಆ ಬೂದಿಯಲ್ಲಿ ಚಿನ್ನವೂ ಇದ್ದೀತು. ಎರಡು ಲೆಕ್ಕವೂ ಹೊಂದಿದೆ, ಇಬ್ಬರೂ ಗೆದ್ರಿ, ಹೋಗಿ."

ಹೊರಬಂದ ಮರುಕ್ಷಣವೇ ಪಕ್ಕದಲ್ಲಿ ದನಿ. "ಗುಬ್ಬಿ, ಚಹಾ?"

ಅವಳ ಕಣ್ಣು ತುಂಬಿತು. "ಮೂರು ವಾರ ಯಾಕೆ ಮಾತಾಡ್ಲಿಲ್ಲ?"

"ಮೇಡಂ ಪಿಟಕ್ಕೆನ್ನಬೇಡಿ ಅಂದ್ರಲ್ಲ..."

"ಅದು ಗೆರೆ ಬಗ್ಗೆ! ಚಹಾ ಬಗ್ಗೆ ಅಲ್ಲ."

"ನಿಮ್ಮ ಪಕ್ಕ ಕೂತ್ರೆ ನಂಗೆ ಏನೂ ಬಚ್ಚಿಡೋಕೆ ಬರಲ್ಲ." ಅವನು ಸ್ಕೇಲನ್ನು ಬೆರಳಲ್ಲಿ ತಿರುಗಿಸಿದ. "ಬಾಯಿ ಬಿಟ್ರೆ ಗೆರೆನೂ ಬರತ್ತೆ, ಉಳಿದದ್ದೂ ಬರತ್ತೆ. ಲಕೋಟೆ ತೆರೆದ ಮೇಲೆ ಒಂದು ಭಾನುವಾರ ಬಂದು ಅಕ್ಕನ ಹತ್ರ ಹೇಳೋಣ ಅಂತ..."

"ಅಕ್ಕನಿಗಲ್ಲ. ನನಗೆ ಹೇಳಿ."

ತನ್ನ ಮಾತಿಗೆ ತಾನೇ ಬೆಚ್ಚಿದಳು ಗುಬ್ಬಿ.

"ನೀವಂದ್ರೆ ನಂಗೆ ತುಂಬಾ ಇಷ್ಟ. ಎಷ್ಟು ಅಂತ... ಬೇಕಿದ್ರೆ ನೀವೂ ಬೇರೆಯಾಗಿ ಅಳೆದು ನೋಡಿ."

ಅವಳು ಅವನ ಕೈಯಿಂದ ಸ್ಕೇಲನ್ನು ಮೆಲ್ಲಗೆ ತೆಗೆದುಕೊಂಡಳು.

"ಅಳೆದಾಯ್ತು... ನನ್ನದೂ ಅಷ್ಟೇ ಬಂದಿದೆ."