ಕೇಳದೆ ಹೇಳಿದ ಒಪ್ಪಿಗೆ

ಜಗದೇವಿ ಚಿಟಿಕೆ ಸಕ್ಕರೆ ಹಿಡಿದು ಚಂದ್ರಕಲಾಳ ಬಾಯಿಯತ್ತ ಕೈ ಚಾಚಿದಳು. ಬಾಯಿ ಸಿಹಿಯಾಯಿತೆಂದರೆ ಸಂಬಂಧ ಗಟ್ಟಿಯಾದಂತೆ ಎಂದು ಸೇಡಂನ ಹುಡುಗಿ ಮನೆಯ ಆ ಪಡಸಾಲೆಯಲ್ಲಿ ಕುಳಿತ ಎಲ್ಲರಿಗೂ ಗೊತ್ತು.

“ನೌಕರಿ ಬಿಡ್ತೀನಿ ಅಂದಿಯಂತಲ್ಲವ್ವಾ, ಭಾಳ ಛಲೋ ಆತು. ಇನ್ನ ಆದಿತ್ಯನಗರದ ನಮ್ಮ ಮನಿ ನಿಂದೇ.”

ಚಂದ್ರಕಲಾ ತೆರೆದ ಬಾಯಿ ಮುಚ್ಚಿದಳು. ಕುಂಚಾವರಂ ಕಡೆಯ ಹಳ್ಳಿಗಳನ್ನು ಸ್ಕೂಟಿಯಲ್ಲಿ ಸುತ್ತುವ ನರ್ಸ್ ಅವಳು. ಕೆಲಸ ಬಿಡುವ ಮಾತನ್ನು ಕನಸಿನಲ್ಲೂ ಆಡಿರಲಿಲ್ಲ.

ಜಗದೇವಿಯ ಪಕ್ಕದಲ್ಲಿದ್ದ ಮಗ ಆನಂದಕುಮಾರನತ್ತ ನೋಡಿದಳು. ಅವಳು ನೋಡಿದರೆ ಸಾಕು, ಹುಬ್ಬು ಹಾರಿಸಿ ನಗಿಸುತ್ತಿದ್ದ ಹುಡುಗ ಇಂದು ತನ್ನ ಕಾಲಬೆರಳು ನೋಡುತ್ತಿದ್ದ. ಅವಳಿಗೆ ಅಷ್ಟಕ್ಕೇ ಎಲ್ಲ ತಿಳಿಯಿತು.

“ಒಂದ್ನಿಮಿಷ ಹೊರಗ ಬಾ.”

ಬೇವಿನ ಗಿಡದ ಕೆಳಗೆ ಅವನು ತಲೆ ಕೆರೆದುಕೊಂಡ. “ನೀ ನೌಕರಿ ಬಿಡಬೇಕಂತ ಅವ್ವ ಹಟ ಹಿಡಿದಿದ್ಲು, ಕಲಾ. ಬಿಡ್ತಾಳ ಅಂದುಬಿಟ್ಟೆ. ಹುಡುಗಿ ಖರೇನೇ ಒಪ್ಪ್ಯಾಳೇನು ಅಂತ ಕಾಕಾನೂ ಕೇಳಿದ. ಗಂಡಾ ಹೆಂಡ್ತಿ ಇಬ್ಬರೂ ಒಪ್ಪಿದ್ರ ಖಾಜಿದೇನು ಕೆಲಸ ಅನ್ನೋ ಗಾದಿ ಹೇಳಿ ನಾ ಬಾಯಿ ಮುಚ್ಚಿಸಿದೆ. ಎಲ್ಲಾರೂ ನಕ್ಕು ಸುಮ್ಮನಾದ್ರು.”

“ಆ ಗಾದಿಗೆ ಇಬ್ಬರು ಒಪ್ಪಬೇಕಲ್ಲೋ. ನೀ ಒಬ್ಬಾಂವ. ಇನ್ನೊಬ್ಬರು ಯಾರು?”

“ನೀನು...”

“ನನ್ನ ಯಾವಾಗ ಕೇಳಿದಿ?”

ಅವಳಿಗೆ ಅಳು ಉಕ್ಕಿತು. ಜೀವ ಇಟ್ಟುಕೊಂಡವನ ಎದುರೇ ಹೀಗೆ ಒಬ್ಬಂಟಿಯಾಗಿ ನಿಲ್ಲಬೇಕಾದೀತೆಂದು ಅವಳು ಎಣಿಸಿರಲಿಲ್ಲ.

“ನಿನ್ನ ಬಿಟ್ಟು ಇರಾಕ ಆಗಂಗಿಲ್ಲ ನಂಗ, ಅದು ಖರೆ. ಆದ್ರ ಸುಳ್ಳು ಹೇಳಿ ತಂದ ಸಕ್ರಿ ನಾ ತಿನ್ನಂಗಿಲ್ಲ.”

ಆನಂದಕುಮಾರ ಒಳಗೆ ಹೋದ. ಅವನ ಮಾತು ಬಾಗಿಲಲ್ಲಿ ನಿಂತ ಅವಳಿಗೆ ಕೇಳಿಸಿತು.

“ಅವ್ವಾ, ನಾ ಸುಳ್ಳು ಹೇಳಿದೆ. ಆಕಿನ್ನ ಕೇಳೇ ಇಲ್ಲ. ಆಕಿ ನೌಕರಿ ಬಿಡಂಗಿಲ್ಲ, ನಾ ಬಿಡು ಅನ್ನಂಗೂ ಇಲ್ಲ.”

ಜಗದೇವಿ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿ ಎದ್ದಳು. ಯಾರ ಮುಖವನ್ನೂ ನೋಡದೆ ಹೊರಗೆ ನಿಂತ ಆಟೋ ಹತ್ತಿದಳು. ಮನೆತನದ ಮರ್ಯಾದೆ ಹೋಯಿತೆಂದು ಚಂದ್ರಕಲಾಳ ಅಪ್ಪ ಅಯ್ಯಪ್ಪ ಹಣೆ ಹಿಡಿದು ಕುಳಿತ.

ಆನಂದಕುಮಾರ ಚಪ್ಪಲಿ ಮೆಟ್ಟಿಕೊಂಡು ಅವಳ ಮುಂದೆ ಬಂದು ನಿಂತ. ಕಣ್ಣು ಕೆಂಪಾಗಿದ್ದವು.

“ಈಗ ಕೇಳ್ತೀನಿ. ನೌಕರಿ ಮಾಡ್ಕೋಂತನೇ ನನ್ನ ಮದುವಿ ಆಗ್ತಿಯೇನು?”

“ಆಗ್ತೀನಿ.”

“ಹಂಗಾದ್ರ ಅವ್ವನ್ನ ನಾ ಒಪ್ಪಿಸ್ತೀನಿ, ನೀ ಏನೂ...”

“ಬ್ಯಾಡೋ ಮಾರಾಯಾ. ಮಂದಿ ಪರವಾಗಿ ನೀ ಮಾತಾಡಿದ್ದು ಸಾಕು.”

ಅವಳು ತಾನೇ ಮೆಟ್ಟಿಲಿಳಿದು ಆಟೋ ಬಳಿ ಹೋದಳು.

“ಅತ್ತಿ, ಒಂಚೂರು ಸರೀರಿ. ನಾನೂ ಕುಂದರ್ತೀನಿ. ನಿಮ್ಮ ಕೂಡ ಮಾತಾಡೋದದ.”

ಜಗದೇವಿ ಮುಖ ತಿರುಗಿಸಿಕೊಂಡೇ ಕುಳಿತಿದ್ದಳು. ಆದರೆ ಸರಿದಳು.