ಹೊಸ್ತಿಲಿಗೆ ಹೊಯ್ದ ನೀರು

“ಸುಳ್ಳಿದ್ರೆ ಆ ಚೊಂಬು ಮುಟ್ಟಬ್ಯಾಡ್ರಿ ಸರ್. ನಾಯಿ ಕಚ್ಚೈತೆ ಅಂತ ಒಂದು ಮಾತು ಹೇಳಿಬಿಡ್ರಿ, ಮುಗೀತು.”

ಮನೆ ಮಾಲೀಕ ಶಿವಮೂರ್ತಪ್ಪ ತಗ್ಗಿದ ದನಿಯಲ್ಲಿ ಹೀಗೆಂದಾಗ ತಿಪ್ಪೇರುದ್ರ ನಕ್ಕುಬಿಟ್ಟ. ಜಗಳೂರು ಕಡೆಯಿಂದ ಸರ್ವೆ ಕೆಲಸಕ್ಕೆಂದು ಉಬ್ರಾಣಿಗೆ ಬಂದು ಅವನಿಗಿನ್ನೂ ಎರಡು ತಿಂಗಳು. ಊರವರ ಬದುಗಳನ್ನು ಅಳೆದು ಕಲ್ಲು ನೆಡಿಸುವವನು; ಕಣ್ಣಿಗೆ ಕಾಣದ್ದನ್ನು ನಂಬುವವನಲ್ಲ.

ಕಣ್ಣಿಗೆ ಕಂಡದ್ದನ್ನು ಮಾತ್ರ ಮುಚ್ಚಿಟ್ಟಿದ್ದ. ಪಕ್ಕದ ಮನೆ ಕಾಟಮ್ಮನ ಮೊಮ್ಮಗಳು ಅಂಬಿಕಾಳ ಮೀನಖಂಡಕ್ಕೆ ತನ್ನ ನಾಯಿ ಬಂಟ ಬಾಯಿ ಹಾಕಿದ್ದನ್ನು ಕಿಟಕಿಯಿಂದ ನೋಡಿಯೂ, ಅದು ಮುಳ್ಳುತಂತಿ ಗೀರಿದ್ದು ಎಂದು ವಾದಿಸಿದ್ದ. ಹುಡುಗಿಗೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಶುರುವಾಗಿತ್ತು. ಹತ್ತು ದಿನ ನಾಯಿಯ ಮೇಲೆ ಕಣ್ಣಿಡಿ ಎಂದು ಡಾಕ್ಟರು ಹೇಳಿಕಳಿಸಿದ್ದರು. ಕೇರಿಯವರು ಬಡಿದು ಕೊಂದಾರೆಂದು ಹೆದರಿ ಅವನು ಬಂಟನನ್ನು ಗೋಣಿಚೀಲದಲ್ಲಿ ಕಟ್ಟಿ, ಬೈಕಿನಲ್ಲಿ ಒಯ್ದು, ಸವಳಂಗದಾಚೆ ಬಿಟ್ಟುಬಂದಿದ್ದ.

ಕಾಟಮ್ಮ ಪೊಲೀಸರಿಗೆ ಹೇಳಲಿಲ್ಲ. ಆ ಕೇರಿಯಲ್ಲಿ ನಾಯಿಯ ತಂಟೆಗೆ ಒಂದೇ ತೀರ್ಮಾನ. ನಾಯಿಗೆ ಮಾತು ಬಾರದಾದ್ದರಿಂದ ಅದಕ್ಕೆ ಅನ್ನ ಹಾಕಿದವನು ಅದರ ಬದಲು ಆಣೆ ಇಡಬೇಕು. ಕಚ್ಚಿಸಿಕೊಂಡವರ ಮನೆಯ ಚೊಂಬಿನ ನೀರನ್ನು ಅವರ ಹೊಸ್ತಿಲಿಗೇ ಹೊಯ್ದು, ಕಚ್ಚಿಲ್ಲ, ಕಚ್ಚಿದ್ದರೆ ಈ ನೀರು ನನಗಿಲ್ಲ, ಎನ್ನಬೇಕು.

ತಿಪ್ಪೇರುದ್ರ ಹೊಯ್ದ. ಹೇಳಿದ. ಮೇಲೊಂದು ಚಟಾಕಿ ಬೇರೆ.

“ನಮ್ಮನ್ಯಾಗೆ ಫಿಲ್ಟರ್ ನೀರು ಐತಿ ಅಜ್ಜಿ, ನಂಗದು ಸಾಕು.”

ಕಾಟಮ್ಮ ಖಾಲಿ ಚೊಂಬನ್ನು ಮೆಲ್ಲಗೆ ಬೋರಲು ಹಾಕಿದಳು.

ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯೊಳಗೆ ಹಸಿ ರೋಮದ ವಾಸನೆ. ನೆನೆದ ಗೋಣಿಯ ವಾಸನೆ. ಲೋಟ ತುಟಿಗೆ ತಾಗಿತು. ಗಂಟಲು ಮುಷ್ಟಿಯಂತೆ ಮುಚ್ಚಿಕೊಂಡಿತು. ಆಸ್ಪತ್ರೆಗೆ ಓಡಿದ. ಟಾರ್ಚು ಬಿಟ್ಟು ನೋಡಿದ ಡಾಕ್ಟರು ಏನೂ ಕಾಣುತ್ತಿಲ್ಲ, ನಾಳೆ ದಾವಣಗೆರೆಗೆ ಹೋಗಿ ತೋರಿಸಿ ಎಂದರು.

ಮರುದಿನ ಹೊರಡುವ ಹೊತ್ತಿಗೆ ಕರೆಂಟು ಹೋಯಿತು. ಕಿಟಕಿಗಳು ತಾವಾಗಿ ಹಾಕಿಕೊಂಡಿದ್ದವು. ನಡುಹಗಲಲ್ಲೇ ಕೋಣೆ ಕಪ್ಪಾಯಿತು. ಬಚ್ಚಲಲ್ಲಿ ಸದ್ದು. ಲೊಳಕ್. ಲೊಳಕ್. ಯಾವುದೋ ನಾಲಿಗೆ ನೀರು ನೆಕ್ಕುತ್ತಿತ್ತು. “ಬಂಟ?” ಎಂದ. ಸದ್ದು ನಿಂತಿತು. ಉಗುರುಗಳು ನೆಲದ ಮೇಲೆ ಟಕಟಕ ನಡೆದುಬಂದವು. ಹತ್ತಿರ. ಇನ್ನೂ ಹತ್ತಿರ. ಬಿಸಿಯುಸಿರು ಮೀನಖಂಡಕ್ಕೆ ತಾಗಿತು. ಕಚ್ಚಲಿಲ್ಲ. ಕಾದಿತ್ತು. ಅವನು ಕೈಯಾಡಿಸಿದ. ರೋಮವಿಲ್ಲ. ಏನೂ ಇಲ್ಲ. ತನ್ನದೇ ಕಾಲು. ಕಾಲಲ್ಲಿ ನಾಲ್ಕು ಗುಳಿ. ಒದ್ದೆ.

ಚಿಲಕ ಕಿತ್ತು ಓಡಿದ. ಕಾಟಮ್ಮನ ಹೊಸ್ತಿಲ ಮೇಲೆ ಬಿದ್ದ. ಒಳಗೆ ಅಜ್ಜಿ ಮೊಮ್ಮಗಳ ಕಾಲಿನ ಪಟ್ಟಿ ಬಿಚ್ಚುತ್ತಿದ್ದಳು. ಅಲ್ಲಿ ಗಾಯವಿರಲಿಲ್ಲ. ಗುರುತೂ ಇರಲಿಲ್ಲ.

“ಕಚ್ಚಿತ್ತು ಅಜ್ಜಿ. ನಾ ನೋಡಿದ್ದೆ.”

“ಗೊತ್ತೈತೆ ಕಣಪ್ಪ. ಅವತ್ತೇ ಅಂದಿದ್ರೆ ಆಗ್ತಿತ್ತು.” ಅವಳು ಚೊಂಬು ತಂದಳು. “ಹೊಸ್ತಿಲು ಕುಡಿದದ್ದು ಹೊಸ್ತಿಲಿಗೇ ಹೋತು. ನನ್ನ ಕೈಯಾಗಿರೋದನ್ನ ಕೊಡ್ತೀನಿ. ಬೊಗಸೆ ಹಿಡಿ.”

ಹಿಡಿದ. ಸುರಿದಳು. ನೀರು ಇಳಿಯಿತು.

ಮನೆಗೆ ಬಂದು ನಲ್ಲಿ ತಿರುಗಿಸಿದ. ಗಂಟಲು ಮುಚ್ಚಿತು.

ಅಂದಿನಿಂದ ತಿಪ್ಪೇರುದ್ರ ದಿನಕ್ಕೆ ಎರಡು ಸಲ ಆ ಬಾಗಿಲಲ್ಲಿ ಬೊಗಸೆಯೊಡ್ಡಿ ನಿಲ್ಲುತ್ತಾನೆ. ದಾವಣಗೆರೆಯ ಡಾಕ್ಟರಿಗೂ ಕಾರಣ ಸಿಗಲಿಲ್ಲ. ಹೊನ್ನಾಳಿಗೆ ಬಂದ ವರ್ಗವನ್ನು ಅಂಗಲಾಚಿ ತಪ್ಪಿಸಿಕೊಂಡ. ಬೇರೆ ಯಾರು ಕೊಟ್ಟ ನೀರೂ ಅವನಿಗೆ ಇಳಿಯುವುದಿಲ್ಲ. ಒಮ್ಮೆ ಅದೇ ಚೊಂಬಿನಿಂದ ಅಂಬಿಕಾ ಸುರಿದು ನೋಡಿದಳು, ಮೂಗಿನಿಂದ ಹಿಂದಕ್ಕೆ ಬಂತು.

ಕಾಟಮ್ಮನಿಗೆ ಎಂಬತ್ತು ದಾಟಿದೆ. ಮೊನ್ನೆಯಿಂದ ಜ್ವರ. ನಿನ್ನೆ ಸಂಜೆ ಅವಳ ಕೈ ಚೊಂಬನ್ನು ಎತ್ತಲಿಲ್ಲ.